ಪಾಳಿ ಬದಲಾದ ಬ್ಯಾಂಡು

ಮದುವೆ ವಿಡಿಯೋ ತೆಗೆಯುವವನಿಗೆ ಬ್ಯಾಂಡಿನವರ ಮುಖ ನೋಡೋಕೆ ಪುರುಸೊತ್ತೇ ಇರೋದಿಲ್ಲ. ಆದರೆ ತೊಂಬತ್ತರ ದಶಕದ ಕೊನೆಗೆ, ಹರಿಹರದ ಒಂದು ಮದುವೆ ಮೆರವಣಿಗೆಯಲ್ಲಿ ನಾನು ಮದುಮಕ್ಕಳನ್ನೇ ಮರೆತುಬಿಟ್ಟೆ. ಬ್ಯಾಂಡಿನವರೆಲ್ಲ ಕಾರ್ಖಾನೆ ಕೆಲಸಗಾರರು. ಬ್ಯಾಂಡ್ ಮಾಸ್ತರು ಎಲ್ಲಿಂದಲೋ ತಂದ ಫಂಕ್ ಹಾಡುಗಳ ಕ್ಯಾಸೆಟ್ ಕೇಳಿ, ಅಮೆರಿಕದವರ ಆ ಕುಣಿಸುವ ಧಾಟಿ ಕಲಿತಿದ್ದರು.

ಹಾಡಿನ ನಡುವೆಯೇ ಮಧ್ಯಾಹ್ನದ ಪಾಳಿಯ ಮೊದಲ ಸೈರನ್ ಕೂಗಿತು. ರಾತ್ರಿ ಪಾಳಿ ಮುಗಿಸಿ, ಮಲಗಿ ಎದ್ದು ಬಂದಿದ್ದ ಕೆಲವರು ಬ್ಯಾಂಡಿನೊಳಗೆ ಸೇರಿಕೊಂಡರು. ಡ್ರಮ್ಮಿನವನ ಬಲಗೈ ಕೋಲು ಹೊಸಬನ ಕೈಗೆ ಹೋಯಿತು. ಒಂದೆರಡು ಪೆಟ್ಟು ಇಬ್ಬರೂ ಸೇರಿ ಬಾರಿಸಿದರು, ಆಮೇಲೆ ಎಡಗೈ ಕೋಲೂ ಹೋಯಿತು. ಟ್ರಂಪೆಟ್ಟು ರಾಗ ಹಿಡಿದಿರುವಾಗಲೇ ಸ್ಯಾಕ್ಸೊಫೋನು ಬಾಯಿಂದ ಬಾಯಿಗೆ ದಾಟಿತು. ಕೋಟು, ಟೋಪಿಗಳೂ ದಾಟಿದವು. ಹಳಬರು ಸೈಕಲ್ ಹತ್ತಿ ಪಾಳಿಗೆ ಹೋದರು. ತಾಳ ಒಂದಿಷ್ಟೂ ತಪ್ಪಲಿಲ್ಲ, ಕುಣಿಯುವವರಿಗೆ ಗೊತ್ತೇ ಆಗಲಿಲ್ಲ.

“ಹೆಂಗ್ರಿ ಮಾಸ್ತರ್ರೇ ಇದು?” ಅಂದೆ.

“ಪಾಳಿ ಬದ್ಲಾದ್ರೆ ಮಷೀನ್ ನಿಲ್ಲಿಸ್ತಾರೇನ್ರಿ?” ಅಂದರು.

ವಿಡಿಯೋ ಕೊಡಲು ದಾವಣಗೆರೆಗೆ ಹೋದಾಗ ಹುಡುಗಿಯ ಅಪ್ಪ ಅದನ್ನು ಹಾಕಿ ನೋಡಿ ಸಿಟ್ಟಾದರು. “ನಡುವಿಂದ ಮುಖಾನೇ ಬ್ಯಾರೆ ಅದಾವು, ಬ್ಯಾರೆ ಯಾರ್ದೋ ಮದ್ವಿ ಬ್ಯಾಂಡು ತಂದು ಇದಕ್ಕೆ ಜೋಡಿಸೀರಲ್ರೀ.”

ಎಲ್ಲೂ ಕತ್ತರಿಸದೆ, ಜೋಡಿಸದೆ ನಾನು ತೆಗೆದ ವಿಡಿಯೋ ಅದೊಂದೇ.