ತಂಬೂರಿಯ ಮೇಲೆ ಕಾಗದ ಕೂರಿಸಿದ ಮೇಷ್ಟ್ರು

ಆಂಜಿನಪ್ಪ ಮೇಷ್ಟ್ರು ಮಟಮಟ ಮಧ್ಯಾಹ್ನ ಹುಣಸೆಮರದ ಹತ್ತಿರ ಬಂದರೆ ಚಪ್ಪಲಿ ಕಳಚಿ ಕಂಕುಳಿಗೆ ಸಿಕ್ಕಿಸಿಕೊಂಡು ಓಡುತ್ತಿದ್ದರು. ಕಲ್ಯಾಣದುರ್ಗದ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ದೆವ್ವ ಭೂತ ಎಲ್ಲಾ ಸುಳ್ಳು ಎಂದು ಆಗಷ್ಟೇ ಪಾಠ ಮಾಡಿ ಬಂದವರು! ಪಕ್ಕದ ಮನೆಯೇ ಅವರದು. ಕಿಟಕಿಯಿಂದ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ದೆವ್ವ ಇಲ್ಲ ಕಣಮ್ಮ, ಗ್ಯಾರಂಟಿ ಇಲ್ಲ. ಆದ್ರೆ ಅದು ದೆವ್ವಕ್ಕೂ ಗೊತ್ತಿರಬೇಕಲ್ಲ?" ಅಂದರು.

ಹೆಸರು ಆಂಜಿನಪ್ಪ, ಗುಂಡಿಗೆ ಗುಬ್ಬಚ್ಚಿಯದು. ಹಲ್ಲಿ ಲೊಚಗುಟ್ಟಿದರೆ ಹೊಸಿಲು ದಾಟುವವರಲ್ಲ. ಬಸ್ಸು ಹತ್ತಿದರೆ ಡ್ರೈವರನ ಹಿಂದೆಯೇ ಕೂತು, "ಮೆಲ್ಲಗಾ ಪೋನೀ ನಾಯನಾ" ಎಂದು, ನಿಧಾನಕ್ಕೆ ಓಡಿಸಪ್ಪಾ ಎಂದು ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದರು. ಜೇಬಿನ ತುಂಬ ಕಾಗದದ ಚೂರು. ಮಾತಾಡುತ್ತಾ ಅವನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಇಂಥ ಪುಕ್ಕಲು ಮನುಷ್ಯ ನನ್ನ ಸಂಸಾರ ಉಳಿಸಿದರು ಅಂದರೆ ನೀವು ನಂಬಲಿಕ್ಕಿಲ್ಲ.

ನಾನು ಹಿಂದೂಪುರದ ನೇಕಾರರ ಮನೆಯವಳು, ಅಪ್ಪನ ಹಾರ್ಮೋನಿಯಮ್ಮಿಗೆ ಭಜನೆ ಹಾಡಿ ಬೆಳೆದವಳು. ಕಲ್ಯಾಣದುರ್ಗಕ್ಕೆ ಎರಡನೇ ಸಂಬಂಧವಾಗಿ ಬಂದೆ. ಮೊದಲ ಹೆಂಡತಿ ರುಕ್ಕಮ್ಮ ಜ್ವರ ಬಂದು ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ಅವಳು ಮುನಿಯದಿರಲೆಂದು ಅವಳ ಹೆಸರಿನ ಚಿನ್ನದ ಬಿಲ್ಲೆಯೊಂದನ್ನು ಮದುವೆಯ ದಿನವೇ ನನ್ನ ತಾಳಿಯ ಜೊತೆ ಪೋಣಿಸಿದ್ದರು. ನಮ್ಮ ಕಡೆ ಎರಡನೆಯವಳಾಗಿ ಬಂದವಳಿಗೆ ಇದು ತಪ್ಪದು. ನಡುಮನೆಯ ಗೋಡೆಯಲ್ಲಿ ರುಕ್ಕಮ್ಮ ನುಡಿಸುತ್ತಿದ್ದ ತಂಬೂರಿ ನೇತಾಡುತ್ತಿತ್ತು. ಅತ್ತೆ ದಿನಾ ಅದಕ್ಕೆ ಹೂವು ಮುಡಿಸುವರು. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಯಜಮಾನರು ತಾಲ್ಲೂಕು ಕಚೇರಿಗೆ ಹೋದ ಮೇಲೆ, ಅತ್ತೆ ಜಗಲಿಯಲ್ಲಿ ತೂಕಡಿಸುವ ಹೊತ್ತು, ಆ ಮನೆಯಲ್ಲಿ ನಾನು ಮತ್ತು ಆ ತಂಬೂರಿ. ನೋಡಿದರೇ ಬೆನ್ನು ತಣ್ಣಗಾಗುತ್ತಿತ್ತು. ಭಯ ಕಳೆಯಲಿ ಅಂತ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ರಾಮನಾಮ ಎಳೆದು ಹಾಡಿದೆ. ಉಸಿರಿಗೆಂದು ನಿಲ್ಲಿಸಿದೆನೋ ಇಲ್ಲವೋ, ಗೋಡೆಯ ಮೇಲೆ ತಂಬೂರಿ 'ಙೊಂಯ್' ಅಂತು! ಅಯ್ಯೋ ದೇವರೇ, ಕೈಲಿದ್ದ ಮೊರ ಬಿದ್ದೇಹೋಯಿತು. ಹೆದರಿ ಇನ್ನೂ ಜೋರಾಗಿ ರಾಮಾ ಎಂದೆ. ಅದೂ ಇನ್ನೂ ಜೋರಾಗಿ ನುಡಿಯಿತು. ದಿನಾ ಇದೇ ಆಯಿತು. ಭಯವಾದಷ್ಟೂ ಹಾಡುತ್ತಿದ್ದೆ, ಹಾಡಿದಷ್ಟೂ ಅವಳು ಓಗೊಡುತ್ತಿದ್ದಳು.

ಕೊನೆಗೆ ಅತ್ತೆಯ ಕಿವಿಗೂ ಬಿತ್ತು. ಮುಖ ಬಿಳಿಚಿಕೊಂಡಿತು. ಕೆಟ್ಟವರಲ್ಲ ಅತ್ತೆ, ಅವರಿಗೂ ಜೀವಭಯ.

"ರುಕ್ಕಿ ಬಂದವ್ಳೆ. ನೀನು ಅವಳಿಗೆ ಹಿಡಿಸ್ಲಿಲ್ಲ ಕಣಮ್ಮ. ಅಮಾಸೆಗೆ ಸೆಟ್ಟೂರಿಂದ ಮಂತ್ರಗಾರ ಬತ್ತಾನೆ. ಅವನ ಕೈಲೂ ಆಗ್ದಿದ್ರೆ ನಿನ್ನ ಹಿಂದೂಪುರಕ್ಕೆ ಬಿಟ್ಟು ಬತ್ತೀನಿ."

ಯಜಮಾನರು ತಲೆ ತಗ್ಗಿಸಿ ಊಟ ಮಾಡಿ ಎದ್ದರು. ಆ ಮಂತ್ರಗಾರ ಬೇವಿನ ಬರಲಿನಲ್ಲಿ ಹೊಡೆಯುತ್ತಾನೆಂದು ಕೇಳಿದ್ದೆ. ಅದನ್ನಾದರೂ ತಡೆದೇನು, ತವರಿಗೆ ವಾಪಸು ಬಂದವಳ ಮುಖ ಯಾರು ನೋಡುತ್ತಾರೆ? ನನ್ನ ಹಿಂದೆ ಮದುವೆಗೆ ಬಂದ ತಂಗಿಯರಿದ್ದರು.

ಹಿತ್ತಲ ಗೋಡೆಯ ಮೇಲಿಂದ ಮೇಷ್ಟ್ರಿಗೆ ಎಲ್ಲ ಹೇಳಿ, ಒಮ್ಮೆ ಬಂದು ನೋಡಿ ಎಂದು ಕಣ್ಣೀರಿಟ್ಟೆ.

"ನಾನು ಬರಾಕಿಲ್ಲ ಕಣಮ್ಮ, ನನ್ನ ಬಿಟ್ಬುಡು" ಅಂದರು. ಕೈಯ ಕಾಗದ ಮಡಚಿ, ಬಿಚ್ಚಿ, "ನೀನು ಹಾಡ್ದೇ ಇದ್ದಾಗ ಯಾವತ್ತಾದ್ರೂ ನುಡಿದೈತಾ?" ಎಂದು ಕೇಳಿದರು.

ಯೋಚಿಸಿದೆ. ಒಂದು ದಿನವೂ ಇಲ್ಲ.

"ಹಂಗಾದ್ರೆ ಬತ್ತೀನಿ. ಬೀದಿ ಬಾಗ್ಲು ಮಾತ್ರ ತೆಗ್ದಿರಬೇಕು."

ಭಾನುವಾರ ಮಧ್ಯಾಹ್ನ ಬಂದರು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ತಂಬೂರಿ ಇಳಿಸಬೇಕಲ್ಲ, ಯಾರು ಮುಟ್ಟುವುದು? ಮೇಷ್ಟ್ರು ನನ್ನ ಮುಖ ನೋಡಿದರು. ಅತ್ತೆ ಬೇಡ ಬೇಡ ಎಂದು ಕಿರುಚುತ್ತಿದ್ದಂತೆ ಕಣ್ಣು ಮುಚ್ಚಿ ನಾನೇ ಇಳಿಸಿದೆ. ಹೂವು ನನ್ನ ಕಾಲ ಮೇಲೆ ಬಿತ್ತು. ಚಾಪೆಯ ಮೇಲೆ ಮಲಗಿಸಿದೆ. ಮೇಷ್ಟ್ರು ಮಡಚಿದ ಕಾಗದದ ಚೂರುಗಳನ್ನು ಒಂದು ತಂತಿಯ ನಡುವಿಗೂ ಅತ್ತಿತ್ತಲೂ ಕುದುರೆ ಸವಾರರ ಹಾಗೆ ಕೂರಿಸಿ, "ಬಗ್ಗಿ ಹಾಡಮ್ಮ" ಎಂದರು.

ಹಾಡಿದೆ. ಕಾಗದಗಳು ಗಡಗಡ ನಡುಗಿ ಹಾರಿ ಬಿದ್ದವು.

"ಚಚ್ಚಿನಾನ್ರಾ ದೇವುಡಾ!" ಸತ್ತೆನೋ ದೇವರೇ ಎಂದು ಅರಚುತ್ತಾ ಮೇಷ್ಟ್ರು ಬೀದಿಗೆ ಹಾರಿದ್ದರು.

ಮುಗಿಯಿತು ನನ್ನ ಕಥೆ ಅಂದುಕೊಂಡೆ. ಮುಖದ ಬೆವರು ಒರೆಸಿಕೊಳ್ಳುತ್ತಾ ಅವರು ತಿರುಗಿ ಬಂದರು. "ಹಾರ್ಲಿ ಅಂತ್ಲೇ ಇಟ್ಟಿದ್ದು ಕಣಮ್ಮ. ಆದ್ರೂ ನಿಜವಾಗ್ಲೂ ಹಾರ್ಬುಟ್ರೆ..."

ಆಮೇಲೆ ಕಾಗದ ಮತ್ತೆ ಕೂರಿಸಿ, ಸ್ವರ ಕೊಂಚ ಇಳಿಸಿ ಹಾಡಿಸಿದರು. ಕಾಗದ ಮಿಸುಕಲಿಲ್ಲ. ಅತ್ತೆಯ ಕೈಲಿ ಹಾಡಿಸಿದರು. ಊಹೂಂ. ನನ್ನ ಮೊದಲಿನ ಸ್ವರವನ್ನೇ ಮೇಲಿನ ಸ್ಥಾಯಿಯಲ್ಲಿ ಹಾಡೆಂದರು. ಹಾಡಿದೆ. ಅತ್ತಿತ್ತಲ ಕಾಗದ ಹಾರಿದವು, ನಡುವಿನದು ಮಾತ್ರ ಕೂತಲ್ಲೇ ಕೂತಿತ್ತು.

"ಬೆರಳಿಟ್ಟವ್ಳೆ!" ಅತ್ತೆ ಚೀರಿದರು. "ನಡುವೆ ಬೆರಳಿಟ್ಟು ಹಿಡ್ಕಂಡವ್ಳೆ ಕಣ್ರಪ್ಪಾ!"

ಯಾರೋ ನಿಜಕ್ಕೂ ಎದುರು ಕೂತು ತಂತಿ ಹಿಡಿದ ಹಾಗೇ ಇತ್ತು. ಆಗ ಮೇಷ್ಟ್ರು ಮಾಡಿದ್ದನ್ನು ಸಾಯುವ ತನಕ ಮರೆಯುವುದಿಲ್ಲ. ಹೊರಗಿದ್ದ ಕಾಲನ್ನೂ ಒಳಗಿಟ್ಟರು. ಚಾಪೆಯ ಮೇಲೆ ಕೂತರು. ಕಣ್ಣು ಬಿಗಿಯಾಗಿ ಮುಚ್ಚಿ, ನಡುವಿನ ಕಾಗದ ತೆಗೆದು, ಆ ಜಾಗದಲ್ಲೇ ತಮ್ಮ ಬೆರಳು ತಾಗಿಸಿದರು. ಬದಿಗಳಿಗೆ ಕಾಗದ ಕೂರಿಸಲು ನನಗೇ ಹೇಳಿದರು. "ಈಗ ಅದೇ ಮೇಲಿನ ಸ್ವರ ಹಾಡಮ್ಮ."

ಹಾಡಿದೆ. ಎರಡೂ ಬದಿಯ ಕಾಗದ ಹಾರಿದವು.

"ಇಲ್ಲಿ ಯಾರೂ ಇಲ್ಲ ತಾಯಿ. ನನ್ನ ಬೆರಳೇ ಐತೆ" ಅಂದರು, ಇನ್ನೂ ಕಣ್ಣು ಬಿಡದೆ. "ಮೇಲಿನ ಸ್ವರಕ್ಕೆ ತಂತಿ ಎರಡು ಭಾಗವಾಗಿ ಕುಣಿದ್ರೆ ನಡುವೆ ಒಂದು ಅಲ್ಲಾಡದ ಜಾಗ ಉಳೀತದೆ. ತಂತಿಗೆ ತನ್ನದು ಅಂತ ಸ್ವರ ಇರ್ತದೆ. ಅದು ಕೇಳಿದ್ರೆ ತಾನೂ ನುಡೀತದೆ, ಬೇರೆದಕ್ಕೆ ಕಿವುಡು. ಇದನ್ನ ಬಿಗಿದೋರು ಯಾರು?"

"ರುಕ್ಕಿ," ಅತ್ತೆ ಅಂದರು. "ತನ್ನ ಗಂಟಲಿಗೆ ಸರಿಯಾಗಿ ಬಿಗಿದಿದ್ಲು." ಅಷ್ಟಕ್ಕೇ ನಿಲ್ಲಿಸಿ ನನ್ನನ್ನೇ ನೋಡಿದರು. "ಹಂಗಾದ್ರೆ ಅವಳ ಗಂಟಲೇ ನಿಂಗೂ ಐತೇನೇ?"

ನನ್ನ ಗಲ್ಲ ಹಿಡಿದು ಗಳಗಳ ಅತ್ತುಬಿಟ್ಟರು. ಇನ್ನೊಂದು ಸಲ ಹಾಡು ಅಂದರು. ಸೆಟ್ಟೂರಿನವನಿಗೆ ಬರಬೇಡ ಎಂದು ಮರುದಿನವೇ ಹೇಳಿ ಕಳಿಸಿದರು.

ಮೇಷ್ಟ್ರಿಗೆ ಹಿಂದೂಪುರಕ್ಕೆ ವರ್ಗವಾಯಿತು, ಅಲ್ಲೇ ರಿಟೈರೂ ಆದರು. ತವರಿಗೆ ಹೋದಾಗ ಕೊನೆಯ ಸಲ ನೋಡಿದೆ. ಹಾಸಿಗೆ ಹಿಡಿದಿದ್ದರು.

"ಸಾಯಕ್ಕೆ ಭಯ ಕಣಮ್ಮ. ಸುಳ್ಳು ಯಾಕೆ ಹೇಳ್ಲಿ?"

"ಅಲ್ಲಾಡದ ಜಾಗ ಒಂದಿರ್ತದೆ ಅಂದಿದ್ರಲ್ಲ ಮೇಷ್ಟ್ರೇ."

"ತಂತಿಗೆ ಅಂದೆ. ಮನುಷ್ಯಂಗೆ ಅಂದ್ನಾ?" ಎಂದು ಸಿಡುಕಿದರು. ಇಬ್ಬರಿಗೂ ನಗು ಬಂತು. ಹೊರಟು ನಿಂತಾಗ ಸೆರಗು ಹಿಡಿದು ಹೇಳಿದರು: "ದೆವ್ವ ಆಗಿ ನಿಮ್ಮನೆ ತಾವ ಬಂದ್ರೆ ಹೆದರ್ಕಬೇಡಮ್ಮ. ನಂಗೇ ಜಾಸ್ತಿ ಭಯ ಇರ್ತದೆ. ಒಂದು ಹಾಡು ಹೇಳು, ಬಾಗ್ಲು ತೆಗ್ದಿರು."

ಶ್ರಾವಣ ಬರುವಷ್ಟರಲ್ಲಿ ಹೋಗಿಬಿಟ್ಟರು. ಈಗಲೂ ಮಧ್ಯಾಹ್ನ ಹಾಡಿದರೆ ಗೋಡೆಯ ತಂಬೂರಿ ನುಡಿಯುತ್ತದೆ. ಯಾಕೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಎದ್ದು ಹೋಗಿ ಬೀದಿ ಬಾಗಿಲು ತೆಗೆದಿಟ್ಟು ಬರುತ್ತೇನೆ.