ಗಾಡಿಯ ಪೆಟ್ರೋಲ್ ವಾಸನೆ

ಗದಗಿನಲ್ಲಿ ಡಯಾಲಿಸಿಸ್ ಮುಗಿಸಿಕೊಂಡು ಶಿರಹಟ್ಟಿಗೆ ಮರಳುವಾಗ ನಮ್ಮ ಮನೆಯವರು ವಾಂತಿ ಮಾಡಿಕೊಳ್ಳದ ದಿನವಿರಲಿಲ್ಲ. ಸೊರಟೂರ ದಾಟುತ್ತಿದ್ದಂತೆ ಅವರ ಕೈ ಕಿಟಕಿಯ ಹಿಡಿಕೆ ಹುಡುಕುತ್ತಿತ್ತು. ಗಾಡಿಯನ್ನು ಬದಿಗೆ ತಂದು, ಒಂದು ಕೈಯಲ್ಲಿ ಅವರ ಹಣೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ ಹಿಡಿಯುವುದು ನನಗೆ ರೂಢಿಯಾಗಿಬಿಟ್ಟಿತ್ತು. ಬಾಯಿ ಒರೆಸಿಕೊಂಡ ಮೇಲೆ ಅವರದು ಪ್ರತಿಸಲ ಒಂದೇ ಮಾತು.

"ಈ ಗಾಡಿ ವಾಸನಿ ನನ್ನ ಜೀವಾ ತಗೀತೈತಿ."

ವಾಸನೆ ಇದ್ದದ್ದು ಖರೆ. ಅದು ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಕಾಲಕ್ಕೆ ಕೊಂಡ ಪೆಟ್ರೋಲ್ ಕಾರು. ಆ ವರ್ಷ ಅದು ಎಲ್ಲಿ ನಿಂತರೂ ಎಂಜಿನ್ನು ಏರುತ್ತ ಇಳಿಯುತ್ತ ದಮ್ಮು ಹತ್ತಿದವರಂತೆ ಏದುತ್ತಿತ್ತು. ಹೊಗೆಯ ಕೊಳವೆಯ ಬಾಯಿ ರೊಟ್ಟಿ ಹಂಚಿನ ತಳದಷ್ಟು ಕರ್ರಗಾಗಿತ್ತು. ಸುಡದೆ ಉಳಿದ ಪೆಟ್ರೋಲಿನ ವಾಸನೆ ನನ್ನ ಸೀರೆಯಲ್ಲೂ ಇಳಿದಿತ್ತು. ಸ್ಟೀರಿಂಗಿನ ಮುಂದೆ ಎಂಜಿನ್ನಿನ ಆಕಾರದ ಒಂದು ಹಳದಿ ದೀಪ ಹತ್ತಿಕೊಂಡೇ ಇರುತ್ತಿತ್ತು.

ಅವರಿಗೆ ಕೈಲಾಗದಾದ ಮೇಲೆಯೇ ನಾನು ಗಾಡಿ ಕಲಿತದ್ದು, ಅದೂ ಕೂದಲು ನೆರೆತ ಮೇಲೆ. ಹಾಗಾಗಿ ದೋಷವೆಲ್ಲ ನನ್ನ ಬಲಗಾಲಿನದು. "ನಿನ್ನ ಕಾಲು ವಜ್ಜಿ. ಹಂಗ ತುಳದ್ರ ಪೆಟ್ರೋಲ್ ನಾರದ ಏನ್ ಮಾಡತೈತಿ?" ಎನ್ನುತ್ತಿದ್ದರು. ನಾನು ದೀಪ ತೋರಿಸಿದರೆ, "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ" ಎಂದು ಮುಖ ತಿರುಗಿಸುತ್ತಿದ್ದರು. ನಾನೂ ಮೂವತ್ತು ವರ್ಷ ಕನ್ನಡ ಶಾಲೆಯ ಮಕ್ಕಳನ್ನು ಅಂಕೆಯಲ್ಲಿಟ್ಟವಳು, ಸುಮ್ಮನಿರುವವಳಲ್ಲ. ರೋಗಿ ಎಂದು ಬಾಯಿ ಬಿಗಿ ಹಿಡಿದರೆ ಆ ಸಿಟ್ಟು ಹೋಗಿ ಗೇರಿನ ಮೇಲೆ ಬೀಳುತ್ತಿತ್ತು.

ಒಂದು ಸೋಮವಾರ ಅವರು ಹಾಸಿಗೆಯಿಂದ ಏಳಲೇ ಇಲ್ಲ.

"ಗಾಡಿ ರಿಪೇರಿ ಆಗೂತನಕಾ ನಾ ಗದಗಿಗೆ ಬರೂದಿಲ್ಲ."

"ಬಸ್ಸಿಗೆ ಹೋಗೂಣು ಏಳ್ರಿ."

"ಬಸ್ಸಿನ್ಯಾಗ ಮಂದಿ ಮುಂದ ವಾಂತಿ ಮಾಡ್ಕೋತ ಹೋಗ್ಲೇನು? ನನ್ನ ಕಡೆ ಕಲತ ಹುಡುಗೂರ ಇರ್ತಾರ ಅದರಾಗ."

ಬಾಡಿಗೆ ಗಾಡಿಯೂ ಬೇಡ, ಪರರ ಸೀಟು ಹೊಲಸಾಗುತ್ತದೆ. ಡಯಾಲಿಸಿಸ್ಸಿಗೆ ವಾರಕ್ಕೆ ಎರಡೇ ಪಾಳಿ, ಅದರಲ್ಲಿ ಒಂದು ತಪ್ಪಿತು. ಬುಧವಾರದ ಹೊತ್ತಿಗೆ ಪಾದದ ಮೇಲೆ ಬೆರಳು ಒತ್ತಿದರೆ ಕುಣಿ ಬಿದ್ದು ಹಾಗೇ ಉಳಿಯುತ್ತಿತ್ತು, ಮಲಗಿದರೆ ಉಸಿರು ಹಿಡಿಯುತ್ತಿತ್ತು. ಇನ್ನೊಂದು ತಪ್ಪಿದರೆ ನೀರು ಎದೆಗೇರುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರು ಫೋನಿನಲ್ಲಿ ಬೈದರು. ನಾನು ಮಂಚದ ಹತ್ತಿರ ಕೂತು ಅತ್ತೆ. ಅಳುವುದು ನನ್ನ ಜಾಯಮಾನವಲ್ಲ, ಅದು ಅವರಿಗೂ ಗೊತ್ತು. ಗುರುವಾರ ಅವರನ್ನು ಆಸ್ಪತ್ರೆಗೆ ಬಿಟ್ಟವಳೇ ಗಾಡಿಯನ್ನು ಗ್ಯಾರೇಜಿಗೆ ಒಯ್ಯುವುದೆಂಬ ಕರಾರಿನ ಮೇಲೆ ಒಪ್ಪಿದರು.

ಗ್ಯಾರೇಜು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ. ಮಿಸ್ತ್ರಿ ಮಾತಿನ ಮಲ್ಲ. ಸ್ಟೀರಿಂಗಿನ ಕೆಳಗೆ ಒಂದು ಯಂತ್ರದ ವೈರು ಸಿಕ್ಕಿಸಿ, ಅದರ ಪರದೆ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗೈತ್ರಿ ಅಕ್ಕಾರ" ಎಂದ.

"ಹಂಗಂದ್ರ?"

"ಹೊಗಿ ಕೊಳವಿಯೊಳಗ ಕುಂತಿರತೈತ್ರಿ. ಹೊಗಿಯೊಳಗ ಗಾಳಿ ಎಷ್ಟ ಉಳದೈತಿ ಅಂತ ಗಾಡಿ ಕಂಪ್ಯೂಟರಿಗೆ ಹೇಳತೈತಿ. ಆ ಮಾತ ಕೇಳಿ ಅದು ಪೆಟ್ರೋಲ್ ಬಿಡತೈತಿ. ಇದು ಸುಳ್ಳ ಹೇಳಾಕ ಹತ್ತಿದ್ರ ಅದು ಸುರಕೊಂತ ಹೊಕ್ಕೈತಿ."

ಅಂಥವು ಎರಡು ಇರುತ್ತವಂತೆ, ಒಂದು ಎಂಜಿನ್ನಿನ ಹತ್ತಿರ, ಒಂದು ಹಿಂದೆ. ಮುಂದಿನದನ್ನು ಬಿಚ್ಚಲು ಪಾನಾ ಹಾಕಿ ತಿಣುಕಿದ. ಜಂಗು ಹಿಡಿದು ಕೂತಿದ್ದ ಅದು ಮಿಸುಕಲಿಲ್ಲ. ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿಸಿ ತರಿಸಿದ ಹೊಸದನ್ನು ಸಲೀಸಾಗಿ ಬಿಚ್ಚಿ ಬಂದ ಹಿಂದಿನದರ ಜಾಗಕ್ಕೆ ಕೂಡಿಸಿದ. ದೀಪ ಆರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಎಂಬುದು ಸೊರಟೂರ ಬರುವಷ್ಟರಲ್ಲಿ ಗೊತ್ತಾಯಿತು. ದೀಪ ಮತ್ತೆ ಹತ್ತಿತು. ನನಗಿಂತ ಮೊದಲು ನೋಡಿದವರು ಅವರೇ. "ನಾ ಹೇಳಲಿಲ್ಲಾ, ದೋಷ ನಿನ್ನ ಕಾಲಿಂದ ಅಂತ?" ಎಂದು ನಕ್ಕರು, ನಕ್ಕದ್ದೇ ಚೀಲ ಬೇಡಿದರು.

ಸೋಮವಾರ ನಾನು ಮಿಸ್ತ್ರಿಯ ಮುಂದೆ ದೊಡ್ಡ ದನಿಯಲ್ಲೇ ಮಾತಾಡಿದೆ. ಅವನು ತಲೆ ಕೆರೆದುಕೊಂಡು ಎಂಜಿನ್ನು ಚಾಲೂ ಮಾಡಿ ನನ್ನನ್ನೇ ಪರದೆಯ ಮುಂದೆ ನಿಲ್ಲಿಸಿದ. ಮುಂದಿನ ಸೆನ್ಸರಿನ ಅಂಕಿ ಕ್ಷಣಕ್ಷಣಕ್ಕೆ ಮೇಲೆ ಕೆಳಗೆ ಕುಣಿಯಬೇಕಂತೆ. ಅದು ತಳದಲ್ಲಿ ಸತ್ತ ಹಾಗೆ ಬಿದ್ದಿತ್ತು. ಗಾಳಿ ಎಳೆಯುವ ಬಾಯಿಗೆ ಅವನು ಪೆಟ್ರೋಲಿನಂತೆ ಉರಿಯುವ ಸ್ಪ್ರೇ ಹೊಡೆದ. ಆಗಲಾದರೂ ಅಂಕಿ ಏರಬೇಕಿತ್ತು, ಅಲುಗಲಿಲ್ಲ. ಹೊಟ್ಟೆ ಬಿರಿಯುವಷ್ಟು ಉಣ್ಣಿಸಿದರೂ ಹಸಿವು ಹಸಿವು ಎನ್ನುವ ಜಾತಿ ಅದು.

ಎಂಜಿನ್ನು ಕಾಯಿಸಿ, ಎಣ್ಣೆ ಬಿಟ್ಟು, ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಮಿಸ್ತ್ರಿ ಮೈಭಾರ ಹಾಕಿದ. ಕಿರ್ರೆಂದು ಚೀರಿ ಅದು ತಿರುಗಿತು. ಹೊರಬಂದ ತುಂಡಿನ ಹೊರಮೈಗೆಲ್ಲ ಜಿಡ್ಡು, ಜಿಡ್ಡಿಗೆ ಕಚ್ಚಿದ ಎರೆಮಣ್ಣು.

"ಅಕ್ಕಾರ, ಗಾಡಿ ಕೆಳಗ ಡೀಸೆಲ್ ಹೊಡಸ್ತೀರೇನ್ರಿ?"

ಹೊಡೆಸದೆ ಏನು! ನಮ್ಮ ಮನೆಯವರಿಗೆ ಅಮಾವಾಸ್ಯೆ ತಪ್ಪಿದರೂ ಗಾಡಿಯ ಪೂಜೆ ತಪ್ಪುವಂತಿರಲಿಲ್ಲ. ತೊಳೆಸುವುದು, ಎರೆಮಣ್ಣು ಅಂಟದಿರಲೆಂದು ಕೆಳಭಾಗಕ್ಕೆಲ್ಲ ಡೀಸೆಲ್ ಸಿಂಪಡಿಸುವುದು, ಆಮೇಲೆ ವಿಭೂತಿ, ನಿಂಬೆಹಣ್ಣು, ತೆಂಗಿನಕಾಯಿ. ಜಡ್ಡು ಬಿದ್ದ ಮೇಲೂ ಕುರ್ಚಿ ಹಾಕಿಸಿಕೊಂಡು ಕೂತು, "ಆ ಮೂಲ್ಯಾಗ ಹೊಡಿಯಪಾ" ಎಂದು ಬೆರಳು ತೋರಿಸಿ ಹೊಡೆಸುತ್ತಿದ್ದರು. ಹೊಗೆಯೊಂದಿಗೆ ಹೋಲಿಸಿ ನೋಡಲು ಸೆನ್ಸರಿಗೆ ಹಿಂದಿನಿಂದ ಹೊರಗಿನ ಶುದ್ಧ ಗಾಳಿ ಬೇಕಂತೆ. ಡೀಸೆಲ್ ಒಳಗಿಳಿದರೆ ಅದು ಲೆಕ್ಕ ತಪ್ಪುತ್ತದಂತೆ.

ಮುಂದಿನ ಜಾಗಕ್ಕೆ ಇನ್ನೊಂದು ಹೊಸದು ಕೂತಿತು. ಅಂಕಿ ಕುಣಿಯಿತು. ಎಂಜಿನ್ನಿನ ಏದುಸಿರು ನಿಂತಿತು. ನಾನು ಕೊಳವೆಯ ಹಿಂದೆ ಬಗ್ಗಿ ಮೂಸಿ ನೋಡಿದೆ, ಬರೀ ಬಿಸಿಗಾಳಿ. ಆ ಹೊತ್ತಿಗೆ ನನಗಾದ ಸಂತೋಷ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ಆಸ್ಪತ್ರೆಯಿಂದ ಅವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಊರು ದಾಟುವವರೆಗೂ ತಡೆದುಕೊಂಡೆ. ಆಮೇಲೆ ಹೇಳಿಯೇಬಿಟ್ಟೆ.

"ನನ್ನ ಕಾಲ ಅಲ್ರಿ, ನಿಮ್ಮ ಅಮಾಸಿ ಡೀಸೆಲ್."

ಎಲ್ಲ ಕೇಳಿದರು. ಜಗಳಕ್ಕೆ ನಾನು ತಯಾರಾಗಿದ್ದೆ. ಅವರು, "ಹಂಗಾರ ಇನ್ನಮ್ಯಾಲೆ ಬರೇ ನೀರಾಗ ತೊಳಸೂಣು" ಎಂದರು. ಮದುವೆಯಾದಾಗಿನಿಂದ ಅವರು ಸೋತದ್ದನ್ನು ನಾನು ಕಂಡದ್ದು ಅಪರೂಪ. ಗಾಡಿ ಎಣ್ಣೆ ಹಾಕಿದ ಹೊಲಿಗೆ ಯಂತ್ರದಂತೆ ಸಾಗುತ್ತಿತ್ತು. ತೆರೆದ ಕಿಟಕಿಯಿಂದ ಕಡಲೆ ಹೊಲದ ಹುಳಿ ವಾಸನೆ ಬಂತು. ಸೊರಟೂರ ಬಂತು, ಹೋಯಿತು. ಕೈ ಹಿಡಿಕೆಗೆ ಹೋಗಲಿಲ್ಲ.

"ಐತಾರ ಮುಂಡರಗಿಗೆ ಹೋಗಿ ಬರೂಣೇನು? ತಂಗಿನ್ನ ನೋಡಿ ಭಾಳ ದಿನಾ ಆತು. ಡಂಬಳದ ಕೆರಿ ತುಂಬೈತಂತ" ಎಂದರು.

"ಹೋಗೂಣ್ರಿ" ಎಂದೆ. ಆ ಮನೆಗೆ ಯಾವ ಸೀರೆ ಉಡಬೇಕೆಂದೂ ಯೋಚಿಸಿಬಿಟ್ಟೆ.

ಶಿರಹಟ್ಟಿಯ ಮನೆಗಳು ಕಾಣುವ ಏರಿನಲ್ಲಿ ಅವರು ನನ್ನ ಮೊಣಕೈ ಹಿಡಿದರು. ಗಾಡಿ ನಿಲ್ಲಿಸುವುದಕ್ಕೂ ವ್ಯವಧಾನವಾಗಲಿಲ್ಲ. ವಾಂತಿ ಎಂದಿನಷ್ಟೇ, ಎಂದಿನ ಹಾಗೆಯೇ. ಚೀಲವನ್ನು ನಾನು ಹಿಂದಿನ ಸೀಟಿಗೆ ಎಸೆದಿದ್ದೆ, ಸೆರಗೇ ಒಡ್ಡಬೇಕಾಯಿತು.

ಗಾಡಿ ಬದಿಗೆ ತಂದು, ಇಳಿದು ಅವರ ಬಾಗಿಲಿಗೆ ಹೋಗಿ ಹಣೆ ಹಿಡಿದುಕೊಂಡೆ. ಎಂಜಿನ್ನು ಹಾಗೇ ತಣ್ಣಗೆ ತಿರುಗುತ್ತಿತ್ತು. ಎಲ್ಲಿ ಮೂಸಿದರೂ ಪೆಟ್ರೋಲಿನ ಸುಳಿವಿಲ್ಲ. ಕಾರಣ ತೆಗೆದ ಮೇಲೂ ಪರಿಣಾಮ ಉಳಿದರೆ ಅದು ಕಾರಣವೇ ಅಲ್ಲ ಎಂದು ನಾವಿಬ್ಬರೂ ಮಕ್ಕಳಿಗೆ ಕಲಿಸಿದವರು. ಕೆಟ್ಟದ್ದು ಗಾಡಿಯಲ್ಲ, ತಮ್ಮ ಮೈಯೇ ಎಂದು ಅವರಿಗೆ ಆ ಕ್ಷಣವೇ ತಿಳಿಯಿತು, ತಿಳಿದದ್ದು ಮುಖದಲ್ಲಿ ಕಂಡಿತು. ರಿಪೇರಿಯ ಆಸೆಯೂ ಹೋದ ಮೇಲೆ ಇನ್ನು ಇವರು ಗದಗಿಗೆ ಬರುವುದಿಲ್ಲ ಎಂದುಕೊಂಡೆ.

ಅವರು ತಲೆ ಸೀಟಿಗೆ ಆನಿಸಿ ಕಣ್ಣು ಮುಚ್ಚಿದರು. ಕಣ್ಣು ತೆರೆಯದೆಯೇ, "ಇನ್ನೂ ವಾಸನಿ ಐತಿ" ಎಂದರು.

ಹುಟ್ಟಿದಾಗಿನಿಂದ ಯಾವ ಮಾತನ್ನೂ ಎದುರಾಡದೆ ಬಿಡದ ನಾನು, "ಹೂಂನ್ರಿ, ಐತಿ. ಗುರುವಾರ ಮತ್ತ ತೋರಸ್ತೇನಿ" ಎಂದೆ.

"ಹಂಗಾರ ಗುರುವಾರ ಹೋಗೂಣು."

ಗುರುವಾರ ಹೋದೆವು. ಅಲ್ಲಿಂದ ಅವರು ಇರುವ ತನಕ, ಪಾಳಿಯ ದಿನಗಳಂದು ಅವರನ್ನು ಒಳಗೆ ಬಿಟ್ಟು, ಏನೂ ಕೆಡದ ಗಾಡಿಯನ್ನು ಬೆಟಗೇರಿಗೆ ಒಯ್ದು ಗ್ಯಾರೇಜಿನ ಬೇವಿನ ಮರದ ಕೆಳಗೆ ನಿಲ್ಲಿಸಿ ಕೂತಿರುತ್ತಿದ್ದೆ. ಬರುವಾಗ ಅವರು, "ಇವತ್ತ ಏನಂದಾ ಮಿಸ್ತ್ರಿ?" ಎಂದು ಕೇಳುತ್ತಿದ್ದರು. ನಾನು ಸೆನ್ಸರು, ವೈರು, ಫಿಲ್ಟರು ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಗಣಿತದ ಮಾಸ್ತರರು ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.