ಅವ್ವ ತಲೆ ಬಗ್ಗಿಸದ ಸಿನಿಮಾ

ತೊಂಬತ್ತರ ದಶಕದ ಕೊನೆಗೆ ಹುಮನಾಬಾದಿನ ಟಾಕೀಜಿಗೆ ತ್ರೀಡಿ ಸಿನಿಮಾ ಬಂತು. ಬಸವಕಲ್ಯಾಣದಿಂದ ಓಣಿಯ ಹೆಂಗಸರೆಲ್ಲ ಬಸ್ಸು ಹತ್ತಿ ಹೋದೆವು, ಅವ್ವನೂ ಬಂದಳು. ಬಾಗಿಲಲ್ಲಿ ಕೊಟ್ಟ ಕನ್ನಡಕ ನೆನೆದರೆ ಇಂದಿಗೂ ಹೇಸಿಗೆ. ಹಿಂದಿನ ಆಟದವರ ಮೂಗಿನ ಬೆವರು, ಯಾರದೋ ಕಾಡಿಗೆ, ತಲೆಯ ಎಣ್ಣೆ. ಬಕೆಟ್ಟಿನ ಕರಿನೀರಲ್ಲಿ ಅದ್ದಿ ತೆಗೆದರೆ ತೊಳೆದ ಹಾಗಂತೆ! ಸೆರಗಿನಿಂದ ಒರೆಸಿ ಅವ್ವನಿಗೊಂದು ಕೊಟ್ಟೆ.

"ಎರಡೂ ಕಣ್ಣ ತೆರೆದ ನೋಡ್ರಿ. ಒಂದ ಮುಚ್ಚಿದ್ರ ಏನೂ ಮುಂದ ಬರಂಗಿಲ್ರಿ," ಎಂದು ಗೇಟಿನವನು ಕೂಗುತ್ತಿದ್ದ.

ಸಿನಿಮಾಕ್ಕೆ ಕತೆಯೇ ಇರಲಿಲ್ಲ. ಈಟಿ, ಕೆಂಡ, ಏನಾದರೊಂದನ್ನು ನಮ್ಮ ಮುಖಕ್ಕೆ ಎಸೆಯುವುದು, ನಾವು ಚೀರುವುದು. ಒಮ್ಮೆ ಮಾತ್ರ ಬಾವಿಯೊಳಗೆ ಕೊಡ ಇಳಿಯಿತು. ಇಳಿಯುತ್ತಲೇ ಹೋಯಿತು. ಇಡೀ ಟಾಕೀಜು ಉಸಿರು ಬಿಗಿಹಿಡಿದು ಆ ಆಳ ನೋಡಿತು. ಮರುಕ್ಷಣವೇ ಒಳಗಿಂದ ಹಾವು ಹಾರಿಸಿದ, ಸಿನಿಮಾ ತೆಗೆದ ಆ ಪುಣ್ಯಾತ್ಮ. ಥೂ! ಅಂಥ ಆಳ ಕೈಯಲ್ಲಿದ್ದೂ ಜನರನ್ನು ಬೆಚ್ಚಿಬೀಳಿಸುವುದಷ್ಟೇ ಅವನಿಗೆ ಹೊಳೆದದ್ದು.

ಎಲ್ಲರೂ ತಲೆ ಬಗ್ಗಿಸಿದೆವು. ಅವ್ವ ಅಲುಗಾಡಲಿಲ್ಲ. ಪಕ್ಕದ ಮನೆಯವಳು ಅವಳಿಗೆ ಕೈಮುಗಿದೇಬಿಟ್ಟಳು: "ಯಕ್ಕಾ, ಶರಣಜೀವ ನಿಂದು. ಯಾವುದಕ್ಕೂ ಅಂಜಂಗಿಲ್ಲ ನೋಡು."

ಊರಿಗೆ ಮರಳಿದ ಮೇಲೆ ಓಣಿಯೆಲ್ಲ ಅದೇ ಮಾತು. ಲಿಂಗಪೂಜೆ ಮಾಡದೆ ತುತ್ತು ಮುಟ್ಟದವಳಿಗೆ ಯಾವ ಭಯ? ನಾನೂ ಬೀಗುತ್ತ ಬಂದವರಿಗೆಲ್ಲ ಹೇಳಿದೆ. ಅದೇ ಅವ್ವ ಚಹಾವನ್ನು ಕಪ್ಪಿನ ಹೊರಗೆ ಸುರಿದಾಗ, "ಲಕ್ಷ್ಯ ಎಲ್ಲಿಟ್ಟೀದಿ?" ಎಂದು ಗದರಿದವಳೂ ನಾನೇ.

ಕೆಲವು ವರ್ಷಗಳ ಮೇಲೆ ಹುಮನಾಬಾದಿನಲ್ಲೇ ಕಣ್ಣಿನ ಶಿಬಿರ. ಡಾಕ್ಟರು ಅವಳ ಬಲಗಣ್ಣು ಮುಚ್ಚಿ, "ಎಷ್ಟು ಬೆರಳು?" ಎಂದರು. ಅವ್ವ ಬೆರಳು ಹುಡುಕುತ್ತ ಗಾಳಿಯಲ್ಲಿ ಕೈಯಾಡಿಸಿದಳು. ಎಡಗಣ್ಣು ಹೋಗಿ ಬಹಳ ವರ್ಷಗಳೇ ಆಗಿವೆ, ಈಗ ಆ ರೋಗ ಬಲಗಣ್ಣಿಗೂ ಹತ್ತಿದೆ, ಮೊದಲೇ ಕರೆತಂದಿದ್ದರೆ ಇದನ್ನು ಉಳಿಸಬಹುದಿತ್ತು ಎಂದರು. ಗೇಟಿನವನ ಕೂಗು ನೆನಪಾಯಿತು. ಕಿವಿಯಾರೆ ಕೇಳಿದ್ದೆನಲ್ಲ! ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆ ಕನ್ನಡಕಕ್ಕಿಂತ ಹೆಚ್ಚು.

"ಯಾಕ ಹೇಳಲಿಲ್ಲವ್ವಾ?"

"ಒಂದರಾಗ ಕಾಣ್ತಿತ್ತಲ್ಲ. ಸಾಕಾಗಿತ್ತು."

ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಅವ್ವ ನನ್ನ ತೋಳು ಹಿಡಿದು ಕೇಳಿದಳು: "ಅವತ್ತ ಟಾಕೀಜಿನಾಗ ನೀವೆಲ್ಲಾ ತಲಿ ಯಾಕ ಬಗ್ಗಿಸಾಕತ್ತಿದ್ರಿ? ಏನ ಬಂದಿತ್ತು?"